ಮೂರನೇ ಮಹಡಿಯ ಹಸಿರು ವೈರು

ಬೆಳಗಿನ ಐದೂವರೆ. ಬ್ಯಾಂಕ್ ಗುಮಾಸ್ತರೊಬ್ಬರ ನಡುಮನೆಯಲ್ಲಿ ಐವತ್ತೊಂದು ವರ್ಷದ ವೈರ್‌ಮನ್ ಒಬ್ಬರು ಮಂಡಿಯೂರಿ ಸ್ಪೀಕರಿಗೆ ಕಿವಿ ಹಚ್ಚಿದ್ದಾರೆ. ಹಾಡು ಹಾಕಿಲ್ಲ, ವಾಲ್ಯೂಮ್ ಮಾತ್ರ ಅರ್ಧಕ್ಕೆ ಏರಿಸಿದ್ದಾರೆ. ಸುಮ್ಮನಿರಿ ಎಂದು ಕೈ ಎತ್ತಿದ್ದರಿಂದ ಗುಮಾಸ್ತರು ಬಂದ ಆಕಳಿಕೆಯನ್ನು ಅರ್ಧಕ್ಕೇ ನುಂಗಿಕೊಂಡು ನಿಂತಿದ್ದಾರೆ. ಸ್ಪೀಕರಿನ ಹೊಟ್ಟೆಯೊಳಗಿಂದ ದುಂಬಿ ಹೊಕ್ಕಂತೆ ಸಣ್ಣಗೆ ‘ಗುಂಯ್’ ಎಂಬ ಸದ್ದು. ವೈರ್‌ಮನ್ ಫ್ರಿಜ್ ಆರಿಸುತ್ತಾರೆ. ಸದ್ದು ಹಾಗೇ ಇದೆ. ಮೀನಿನ ತೊಟ್ಟಿಯ ಪಂಪು ಆರಿಸುತ್ತಾರೆ, ಜಪ್ಪಯ್ಯ ಅಂದರೂ ಸದ್ದು ನಿಲ್ಲುವುದಿಲ್ಲ. ಕೊನೆಗೆ ಇಂಟರ್ನೆಟ್ ರೂಟರಿನ ಅಂಗೈಯಗಲದ ಅಡಾಪ್ಟರನ್ನು ಕಿತ್ತಾಗ ಮನೆ ಒಮ್ಮೆಲೇ ತಣ್ಣಗಾಗುತ್ತದೆ. ಇಷ್ಟು ಚಿಕ್ಕದಾ ಎಂದು ಗುಮಾಸ್ತರು ಬಾಯಿಬಿಡುತ್ತಾರೆ.

ಮೊಬೈಲಿನಿಂದ, ಇಂಟರ್ನೆಟ್ಟಿನಿಂದ ಮನೆಗೆ ಹರಿದುಬರುವ ಹಾಡು ದಾರಿಯಲ್ಲಿ ಎಲ್ಲಿ ಕೆಡುತ್ತದೆ ಎಂದು ಹುಡುಕುವುದೇ ಇವರ ಕಸುಬು. ಲಿಫ್ಟು, ನೀರಿನ ಮೋಟರು ಏಳುವ ಮೊದಲೇ ಈ ಸದ್ದು ಸ್ಪಷ್ಟವಾಗಿ ಕೇಳುವುದರಿಂದ ಇವರ ದಿನ ನಸುಕಿಗೇ ಶುರು. ಅಗ್ಗದ ಅಡಾಪ್ಟರ್ ತೆಗೆದು ಒಳ್ಳೆಯದನ್ನು ಕೂರಿಸುತ್ತಾರೆ. ಬೀರುವಿನ ಹಿಂದೆ ಅಡಗಿದ ರೂಟರನ್ನು ಬಯಲಿಗೆ ತರುತ್ತಾರೆ. “ಗಾಳೀಲಿ ಬರಬೇಕಂದ್ರೆ ಎರಡು ಗೋಡೆ, ಒಂದು ಕಬ್ಬಿಣದ ಬೀರು ಅಡ್ಡ. ವೈರಲ್ಲಿ ಬಂದ್ರೆ ಅದರ ದಾರಿ ಅದಕ್ಕೆ” ಎನ್ನುತ್ತ ಗೋಡೆಯಂಚಿಗೆ ಕೇಬಲ್ ಎಳೆಯುತ್ತಾರೆ. ಬೇಕಾದಲ್ಲಿ ಮೀಟರ್ ಬೋರ್ಡಿನಿಂದ ಹಾಡಿನ ಪೆಟ್ಟಿಗೆಗೆಂದೇ ಬೇರೆ ಲೈನು ತರುತ್ತಾರೆ.

ದಿನಕ್ಕೆ ಎರಡು ಮನೆ. ಮೂರಾದರೆ ಸೊಂಟ ಮಾತಾಡುತ್ತದೆ. ಎಳೆಯುವ ವೈರು ಅರವತ್ತು, ಎಪ್ಪತ್ತು ಮೀಟರ್. ಒಂಬತ್ತು ವರ್ಷಗಳಲ್ಲಿ ಐದು ಸಾವಿರದಷ್ಟು ಮನೆ ಕಂಡಿದ್ದಾರೆ. ಹತ್ತರಲ್ಲಿ ಆರು ಮನೆಗೆ ಹೊಸ ಸಾಮಾನೇ ಬೇಕಿರುವುದಿಲ್ಲ, ಸಡಿಲವಾದ ಸ್ಕ್ರೂ ಬಿಗಿದರೆ ಮುಗಿಯಿತು. ದೊಡ್ಡ ದೊಡ್ಡ ಕೇಬಲ್ ಮಾರಿ ಸ್ವರ್ಗ ತೋರಿಸುವವರಿದ್ದಾರೆ, ತನಗೆ ಆ ಬಾಯಿ ಇಲ್ಲ ಎನ್ನುತ್ತಾರೆ.

ಗಿರಾಕಿಗಳು ಪ್ರೀತಿಯಿಂದ ಇಟ್ಟ ಹೆಸರು ‘ಗುಂಯ್ ಡಾಕ್ಟ್ರು’. ಹಾಗೆ ಕರೆದಾಗಲೆಲ್ಲ ಇವರು ನೆಲ ನೋಡುತ್ತಾರೆ. ಸಂಕೋಚದ ಮನುಷ್ಯ ಎಂದು ಜನ ಅಂದುಕೊಂಡಿದ್ದಾರೆ. “ಸಂಕೋಚ ಅಲ್ಲ, ನಾಚಿಕೆ. ಬರೆಯೋದಾದ್ರೆ ಅದನ್ನೂ ಬರೀರಿ. ಇಲ್ಲಾಂದ್ರೆ ಏನೂ ಬೇಡ” ಎನ್ನುವುದು ಅವರು ಹಾಕುವ ಒಂದೇ ಷರತ್ತು.

ಹತ್ತನೇ ತರಗತಿಯಲ್ಲಿ ಡುಮ್ಕಿ ಹೊಡೆದವರನ್ನು ಸೋದರಮಾವ ಕರೆದೊಯ್ದು ವೈರಿಂಗ್ ಕೆಲಸಕ್ಕೆ ಹಚ್ಚಿದರು. ಟೇಪು ಸುತ್ತಿದ ಮೇಲೆ ಅದರ ತುದಿಯನ್ನು ಚೂರು ಮಡಚಬೇಕು, ಮುಂದೆ ಬಿಚ್ಚುವವನ ಉಗುರಿಗೆ ಸಿಗಬೇಕು ಎಂದು ಕಲಿಸಿದವರು ಅವರೇ. ಇಪ್ಪತ್ತೈದರ ಹೊತ್ತಿಗೆ ಹುಡುಗ ಒಬ್ಬನೇ ಇಡೀ ಕಟ್ಟಡದ ವೈರಿಂಗ್ ಹೊತ್ತುಕೊಳ್ಳುವಷ್ಟು ಪಳಗಿದ್ದ. ಆಗ ಕಟ್ಟಿದ ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಎರಡನೇ ಮಹಡಿ ಮುಗಿಯುವಷ್ಟರಲ್ಲಿ ಹಸಿರು ವೈರು ಖಾಲಿಯಾಯಿತು. ಹಸಿರೆಂದರೆ ಅರ್ಥಿಂಗ್: ಯಂತ್ರದ ಮೈಗೆ ಸೋರಿದ ಕರೆಂಟನ್ನು ಮನುಷ್ಯನಿಗೆ ತಾಗದಂತೆ ಭೂಮಿಗೆ ಇಳಿಸುವ ದಾರಿ. ಮಾರನೆಯ ದಿನವೇ ತಪಾಸಣೆ. ಪ್ಲೇಟು ಹಾಕಿ ಮುಚ್ಚು, ಒಳಗೆ ಯಾರು ನೋಡ್ತಾರೆ ಎಂದ ಮೇಸ್ತ್ರಿ. ಬಿಚ್ಚಿ ನೋಡಿದರೂ ಹಸಿರು ಕಾಣಲೆಂದು ಹುಡುಗ ಗೇಣುದ್ದದ ತುಂಡುಗಳನ್ನು ಕತ್ತರಿಸಿ, ಹಿಂಬದಿಯ ತುದಿಗೆ ಟೇಪು ಸುತ್ತಿ ಪ್ರತಿ ಸಾಕೆಟ್ಟಿನ ಹಿಂದೆ ತುರುಕಿದ. ಮೇಲಿನ ಎರಡು ಮಹಡಿ, ಎಂಟು ಮನೆ. ತಪಾಸಣೆ ಸುಸೂತ್ರವಾಗಿ ಮುಗಿಯಿತು, ಅವನು ಮರೆತೂಬಿಟ್ಟ.

ನಾಲ್ಕು ವರ್ಷದ ಹಿಂದೆ ನಿವೃತ್ತ ಟೆಲಿಫೋನ್ ಆಪರೇಟರ್ ಒಬ್ಬರು ಇವರನ್ನು ಕರೆಸಿದರು. ಕಣ್ಣು ಮಂಜಾದ ಮೇಲೆ ಅವರಿಗೆ ಹಾಡೇ ಜೊತೆ. ಆ ಹಾಡಿನ ಅಡಿಯಲ್ಲಿ ಸದಾ ಗುಂಯ್. ಕಟ್ಟಡಕ್ಕೆ ಬಣ್ಣ ಬದಲಾಗಿ, ಎದುರಿಗೆ ಅಂಗಡಿಸಾಲು ಎದ್ದಿತ್ತು. ಅಂದು ಮರಳುಗುಡ್ಡೆ, ಬರಿ ಇಟ್ಟಿಗೆ ನೋಡಿದ್ದ ಇವರ ಕಣ್ಣಿಗೆ ಗುರುತು ಹತ್ತಲಿಲ್ಲ. ಮೂರನೇ ಮಹಡಿಯಲ್ಲಿ ಸಾಕೆಟ್ ಬಿಚ್ಚಿ, ಎಲ್ಲಿಗೂ ಹೋಗದ ಹಸಿರು ತುಂಡನ್ನು ಕಂಡವರೇ, ಯಾವನೋ ಕೈಲಾಗದವನು ಮಾಡಿದ ಕೆಲಸ ಎಂದು ಆಕೆಯ ಮುಂದೆ ಗಟ್ಟಿಯಾಗಿ ಬೈದರು. ಬೈಯುತ್ತಲೇ ತುಂಡನ್ನು ಹೊರಗೆಳೆದರು. ಟೇಪಿನ ತುದಿ ಮಡಚಿತ್ತು.

“ಅದು ನನ್ನ ಕೈ. ಬೇರೆ ಯಾರದೂ ಅಲ್ಲ.”

ಏನಾಯ್ತು ಎಂದು ಆಕೆ ಕೇಳಿದರು. ಏನಿಲ್ಲ ಎಂದರು ಇವರು. ಆ ಒಂದು ಸಾಕೆಟ್ಟಿಗೆ ಮೀಟರ್ ಬೋರ್ಡಿನಿಂದ ಹೊಸ ಅರ್ಥಿಂಗ್ ಎಳೆದರು. ಗುಂಯ್ ನಿಂತಿತು. ಆಕೆ ಹಾಡು ಹಾಕಿ, ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿದೆ ಎಂದು ಇವರ ಎರಡೂ ಕೈ ಹಿಡಿದುಕೊಂಡರು. ಇವರು ಹೊಗಳಿಕೆ ಹೊತ್ತುಕೊಂಡು, ಉಳಿದ ಸಾಕೆಟ್ಟುಗಳನ್ನು ಹಾಗೇ ಬಿಟ್ಟು, ಕಳ್ಳನ ಹಾಗೆ ಮೆಟ್ಟಿಲಿಳಿದರು.

ಹತ್ತೊಂಬತ್ತು ದಿನ ಬಾಯಿಬಿಡಲಿಲ್ಲ. ತಟ್ಟೆ ಮುಂದೆ ಕೂತರೆ ಅನ್ನ ಸೇರದು. ಬಟ್ಟೆ ಹೊಲಿಯುವ ಕಸುಬಿನ ಹೆಂಡತಿ ಅಷ್ಟೂ ದಿನ ನೋಡಿ, ಯಾರಿಗೇನು ಮಾಡಿ ಬಂದಿದೀರಿ ಎಂದು ನೇರವಾಗಿ ಕೇಳಿದರು. ಹೇಳಿದಾಗ ಅವರು ಬೈಯಲಿಲ್ಲ. ಸೂಜಿ ಕೆಳಗಿಟ್ಟು, ಆ ಮನೆಗಳಲ್ಲಿ ಮಕ್ಕಳಿದ್ದಾರಾ ಎಂದಷ್ಟೇ ಕೇಳಿದರು. ಇವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವಾಗಲೇ ತಾನೆಂಥ ಮನುಷ್ಯ ಎಂಬುದು ಗೊತ್ತಾಯಿತಂತೆ.

ಇಪ್ಪತ್ತನೆಯ ದಿನ ಆಪರೇಟರಮ್ಮನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಎಲ್ಲವನ್ನೂ ಒಪ್ಪಿಸಿದರು. ಆಕೆಗೆ ಆಶ್ಚರ್ಯವಾಗಲಿಲ್ಲ.

“ಮೂವತ್ತೊಂದು ವರ್ಷ ಬರೀ ದನಿ ಕೇಳ್ಕೊಂಡು ಕೂತವಳು ನಾನು. ಅವತ್ತು ಏನಿಲ್ಲ ಅಂದ್ರಲ್ಲ, ಆಗಲೇ ಗೊತ್ತಾಯ್ತು. ನೀವಾಗಿ ಬರ್ತೀರೋ ಇಲ್ವೋ ಅಂತ ಕಾಯ್ತಿದ್ದೆ. ನನಗೆ ಹೇಳಿದ್ದು ಆಯ್ತು. ಇನ್ನು ಏಳು ಮನೆ ಇದೆಯಲ್ಲ?”

ಏಳೂ ಬಾಗಿಲು ತಟ್ಟಿದರು. ಒಬ್ಬರು ಹೊಸ ನಮೂನೆಯ ವ್ಯಾಪಾರವೆಂದು ಬಾಗಿಲು ಹಾಕಿದರು, ಮೂರನೇ ಸಲ ಹೋದಾಗ ತೆಗೆದರು. ಒಬ್ಬರು ಮೆಟ್ಟಿಲವರೆಗೂ ಬೈಯುತ್ತ ಬಂದರು. ಇವರು ನಿಂತು ಪೂರ್ತಿ ಕೇಳಿಸಿಕೊಂಡರು. ನಾಲ್ಕನೇ ಮಹಡಿಯ ಒಂದು ಮನೆಯಲ್ಲಿ ಟೆಸ್ಟರನ್ನು ಬಟ್ಟೆ ಒಗೆಯುವ ಯಂತ್ರದ ಮೈಗೆ ಮುಟ್ಟಿಸಿದಾಗ ಅದರ ಪುಟ್ಟ ದೀಪ ಹತ್ತಿಕೊಂಡಿತು. ಒದ್ದೆ ಕೈಯಲ್ಲಿ ಬಾಗಿಲ ಬಳಿ ನಿಂತಿದ್ದ ಮನೆಗೆಲಸದಾಕೆ ಆ ದೀಪವನ್ನೇ ನೋಡಿದಳು. ಯಂತ್ರ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಅವಳು ಹೇಳುತ್ತಲೇ ಬಂದಿದ್ದಳು. ಮನೆಯವರಿಗೆ ಅದು ಕೆಲಸ ತಪ್ಪಿಸುವ ನೆಪವಾಗಿ ಕಂಡಿತ್ತು. ಅವರ ಕಾಲಲ್ಲಿ ಸದಾ ರಬ್ಬರ್ ಚಪ್ಪಲಿ, ಅವಳದು ಬರಿಗಾಲು. ಇವರು ಮನೆಯೊಡೆಯರ ಕಡೆ ತಿರುಗಿ, ಆಕೆ ಹೇಳಿದ್ದೆಲ್ಲ ನಿಜ, ತಪ್ಪು ನನ್ನದು ಎಂದರು. ಅವಳು ಕೈ ಒರೆಸಿಕೊಂಡಳು.

“ಆರು ವರ್ಷ ಅಣ್ಣಾ. ಆರು ವರ್ಷ ಮೈಗಳ್ಳಿ ಅನ್ನಿಸ್ಕೊಂಡೆ.”

ಇವರು ಮೊದಲು ಆ ಯಂತ್ರದ ಸಾಕೆಟ್ಟನ್ನೇ ಬಿಚ್ಚಿದರು. ಆ ಎರಡು ಮಹಡಿಗಳ ಪ್ರತಿ ಸಾಕೆಟ್ಟಿಗೆ ಹಸಿರು ವೈರು ಎಳೆಯಲು ಐದು ವಾರ ಹಿಡಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಮೇಸ್ತ್ರಿಯ ಕೈಕೆಳಗೆ ಆ ಕಾಲದಲ್ಲಿ ಇನ್ನೂ ಹನ್ನೊಂದು ಕಟ್ಟಡ ಮಾಡಿದ್ದರು. ಎಲ್ಲೆಲ್ಲಿ ವೈರು ಸಾಲದೆ ಹೋಗಿತ್ತೋ ನೆನಪಿಲ್ಲ. ಹಾಗಾಗಿ ಬೆಳಗಿನ ಕೆಲಸ ಮುಗಿಸಿ, ವಾರಕ್ಕೆ ಎರಡು ಮಧ್ಯಾಹ್ನ ಟೆಸ್ಟರ್ ಹಿಡಿದು ಆ ಕಟ್ಟಡಗಳಿಗೆ ಹೋಗುತ್ತಾರೆ. ಒಂಬತ್ತು ಮುಗಿದಿವೆ; ಅವುಗಳಲ್ಲಿ ಮೂರರಲ್ಲಿ ಅದೇ ತುಂಡುಗಳು ಸಿಕ್ಕಿವೆ. ಪ್ರತಿ ಸಲವೂ ಮೊದಲ ಸಲದಷ್ಟೇ ಮುಖ ಬಿಸಿಯಾಗುತ್ತದೆ ಎನ್ನುತ್ತಾರೆ. ಹೊಗಳಿಕೆ ಬಂದ ದಿನವಂತೂ ಇನ್ನೂ ಕಷ್ಟ.

ಉಳಿದಿರುವುದು ಎರಡು. ಒಂದರ ನಿವಾಸಿಗಳ ಸಂಘದ ಕಾರ್ಯದರ್ಶಿ ಫೋನೇ ಎತ್ತುವುದಿಲ್ಲ. ಇನ್ನೊಂದರ ಕಾವಲುಗಾರ ಗೇಟಿನಿಂದಲೇ ಸಾಗಹಾಕುತ್ತಾನೆ. ಗುಮಾಸ್ತರ ಮನೆಯಲ್ಲಿ ಸಾಮಾನು ಚೀಲಕ್ಕೆ ತುಂಬುತ್ತ, ಅವರು ತಲೆ ಎತ್ತದೆ ಹೇಳುತ್ತಾರೆ:

“ಹಾಡು ಚೆನ್ನಾಗಿ ಕೇಳದಿದ್ರೆ ಯಾರೂ ಸಾಯಲ್ಲ. ಆ ಎರಡು ಕಟ್ಟಡದವರು ನನ್ನನ್ನ ಒಂದು ಮಧ್ಯಾಹ್ನ ಒಳಗೆ ಬಿಟ್ಕೊಂಡ್ರೆ ಸಾಕು. ಬೈದೇ ಬಿಟ್ಕೊಳ್ಳಲಿ.”