ಅತ್ತಿಗೆಯ ಕಾರು ಬ್ಯಾಟರಿ ಕುಡಿಯುತ್ತಿದ್ದ ಚಳಿಗಾಲ

ಗುನ್‌ವೋರ್ ನನ್ನ ಅತ್ತಿಗೆ, ಎಡ್ವಿನ್ ಅಣ್ಣನ ಹೆಂಡತಿ. ನದಿಯ ಈಚೆ ದಡದ ಮನೆಗಳಿಂದ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುವುದು ಅವಳ ಕಾರೇ. ಮೊದಲು ಇದನ್ನು ಬರೆದುಕೊ ಮಗಳೇ: ಅವಳು ಕಾರು ಓಡಿಸಲು ಕಲಿತದ್ದೇ ಐವತ್ತು ದಾಟಿದ ಮೇಲೆ. ಅದಕ್ಕೂ ಮುಂಚೆ ಬೇಕರಿಯಲ್ಲಿ ತೆಳು ರೊಟ್ಟಿ ಲಟ್ಟಿಸುತ್ತಿದ್ದಳು. ಈಗಲೂ ಸ್ಟೀರಿಂಗ್ ಹಿಡಿಯುವುದು ಲಟ್ಟಣಿಗೆ ಹಿಡಿದ ಹಾಗೆಯೇ, ಎರಡೂ ಕೈಯಲ್ಲಿ, ಒತ್ತಿ. ಅವಳ ರೊಟ್ಟಿಯ ವಿಷಯಕ್ಕೆ ಹೋದರೆ ಇವತ್ತು ಮುಗಿಯುವುದಿಲ್ಲ, ಬಿಡು.

ಅಣ್ಣ ತೀರಿಕೊಂಡ ಮೇಲಿನ ಮೊದಲ ಚಳಿಗಾಲ. ಅವನಿದ್ದಾಗ ಕಾರಿನ ಬಾನೆಟ್ ಎತ್ತಲು ಇವಳನ್ನು ಬಿಡುತ್ತಲೇ ಇರಲಿಲ್ಲ. "ನೀನು ಓಡ್ಸು, ಒಳಗಿನದು ನಾನು ನೋಡ್ಕೋತೀನಿ" ಅನ್ನುತ್ತಿದ್ದ. ನನ್ನ ಅಣ್ಣ ತಾನೇ, ನಾನು ಹೇಳಬಹುದು: ಒಲೆಯ ಮೇಲಿನ ಕಾಫಿ ಉಕ್ಕಿದರೆ ನೋಡಿಕೊಳ್ಳುತ್ತಿರಲಿಲ್ಲ, ಕಾರು ಮಾತ್ರ ನೋಡಿಕೊಳ್ಳುತ್ತಿದ್ದ.

ಆ ವಾರ ಎರಡು ಬೆಳಿಗ್ಗೆ ಕಾರು ಏಳಲಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅಂದು, ಮುಂದಿನ ದೀಪಗಳೆಲ್ಲ ಮಂಕಾಗಿ, ಸುಮ್ಮನಾಗಿಬಿಡುತ್ತಿತ್ತು. ಮಕ್ಕಳು ಕತ್ತಲಲ್ಲಿ ರಸ್ತೆ ಬದಿ ನಿಂತರು. ಚಿಕ್ಕವಳು ಸಿಗ್ನೆಯ ರೆಪ್ಪೆಗೆ ಹಿಮ ಕಟ್ಟಿತ್ತಂತೆ. ಶುಕ್ರವಾರ, ಶಾಲೆಗೆ ಕಾರು ಗೊತ್ತುಮಾಡುವ ಪುರಸಭೆಯಿಂದ ಫೋನ್ ಬಂತು.

"ನೋಡಿ ಗುನ್‌ವೋರ್, ಈ ಚಳೀಲಿ ಮಕ್ಕಳನ್ನ ಕಾಯ್ಸೋಕಾಗಲ್ಲ. ಸೋಮವಾರಾನೂ ನೀವು ಬರದಿದ್ರೆ ಪೇಟೆ ಟ್ಯಾಕ್ಸಿಯವರಿಗೆ ಕೊಟ್ಬಿಡ್ತೀವಿ. ನನಗೂ ಬೇಜಾರೇ."

ಫೋನ್ ಇಟ್ಟು ಅತ್ತಿಗೆ ನನ್ನ ಎದುರಿಗೆ ಕೂತಳು. ನಮ್ಮ ಕಡೆಯ ರೂಢಿಯಂತೆ ಕಾಫಿಗೆ ಚೀಸಿನ ತುಂಡು ಹಾಕಿದಳು, ತಿನ್ನಲಿಲ್ಲ. "ಆ ಮಕ್ಕಳೂ ಹೋದ್ರೆ ನಾನು ಬೆಳಿಗ್ಗೆ ಎದ್ದು ಯಾರಿಗೆ ಹಲೋ ಅನ್ಲಿ? ಬೆಕ್ಕಿಗಾ?" ಅಂದಳು. ಬೆಕ್ಕು ಅಲ್ಲೇ ಇತ್ತು, ಪಾಪ.

ಶನಿವಾರ ಪಕ್ಕದ ಮನೆಯ ಹಿಲ್ಡಿಂಗ್ ಕೇಬಲ್ ತಂದು ತನ್ನ ಕಾರಿನಿಂದ ಕರೆಂಟು ಕೊಟ್ಟು ಸ್ಟಾರ್ಟ್ ಮಾಡಿಕೊಟ್ಟ. "ಚಳಿ ಕಣೇ. ಇಷ್ಟು ಚಳಿಗೆ ನನ್ನ ಮಂಡಿಗಳೂ ಸ್ಟಾರ್ಟ್ ಆಗಲ್ಲ" ಅಂದ.

"ನಿನ್ನ ಮಂಡಿಗೆ ರಾತ್ರಿಯೆಲ್ಲ ಗೋಡೆ ಪ್ಲಗ್ಗಿನ ಹೀಟರ್ ಹಾಕಿರ್ತೀಯಾ? ನಾನು ಇಂಜಿನ್‌ಗೆ ಹಾಕಿದ್ದೆ. ಮುಟ್ಟಿ ನೋಡು, ಬೆಚ್ಚಗಿದೆ."

"ಹಾಗಾದ್ರೆ ಬ್ಯಾಟರಿ ಹಳೇದು."

"ಮೊನ್ನೆ ಶರತ್ಕಾಲದಲ್ಲಿ ತಂದದ್ದು. ನೀನೇ ಹೊತ್ಕೊಂಡು ಬಂದೆ."

ಹಿಲ್ಡಿಂಗ್ ಟೋಪಿ ಸರಿಮಾಡಿಕೊಂಡು ಅಂಗಳದ ಹಿಮ ಎತ್ತುವ ಸಲಿಕೆಯನ್ನೇ ನೋಡುತ್ತ ನಿಂತ. ಅವನಿಗೆ ಹೇಳಲು ಏನೋ ಇದೆ ಎಂದು ನನಗೆ ಆಗಲೇ ಅನ್ನಿಸಿತು. ಹೇಳಲಿಲ್ಲ, ಹೋದ.

ಅತ್ತಿಗೆ ಹಟ ಹಿಡಿದಳು. ಬ್ಯಾಟರಿ ಬಿಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು ತಂದು, ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿದಳು. ತುಂಬಿದ ಮೇಲೆ ಕಾರಿಗೆ ಹಾಕದೆ ಅಡುಗೆಮನೆಯ ನೆಲದ ಮೇಲೆ ಇಟ್ಟಳು. ಭಾನುವಾರ ಬೆಳಿಗ್ಗೆ ಮೀಟರ್ ಹಿಡಿದು ನೋಡಿದರೆ ತುಂಬಿದ್ದು ತುಂಬಿದ ಹಾಗೆಯೇ ಇತ್ತು.

"ಕಂಡ್ಯಾ? ಇದರದ್ದೇನೂ ತಪ್ಪಿಲ್ಲ. ಕಾರೇ ಕದ್ದು ಕುಡೀತಿದೆ."

"ಕಾರು ಕುಡಿಯುತ್ತಾ?" ಅಂದೆ.

"ನಿಲ್ಸಿದ ಮೇಲೂ ಎಲ್ಲೋ ಕರೆಂಟು ಹರೀತಿದೆ. ಎಲ್ಲಿ ಅಂತ ಇವತ್ತು ಹಿಡೀತೀನಿ. ನೀನು ಟಾರ್ಚ್ ಹಿಡಿ, ಮಾತಾಡ್ಬೇಡ."

ಮಧ್ಯಾಹ್ನವೇ ಕತ್ತಲಾಗುವ ನಮ್ಮೂರಿನ ನೀಲಿ ಬೆಳಕಿನಲ್ಲಿ ಶುರುಮಾಡಿದೆವು. ನಾನು ಮಾತಾಡಿದೆ, ಅದು ಬೇರೆ. ಬ್ಯಾಟರಿ ಕೂರಿಸಿ, ಒಂದು ಕೇಬಲ್ ಮಾತ್ರ ಬಿಚ್ಚಿಟ್ಟು, ಆ ಕೇಬಲ್‌ಗೂ ಬ್ಯಾಟರಿಗೂ ನಡುವೆ ಎರಡು ವೈರಿನ ಪುಟ್ಟ ಬಲ್ಬು ಕಟ್ಟಿದಳು. ಕೀಲಿ ಅವಳ ಜೇಬಿನಲ್ಲಿ, ಬಾಗಿಲೆಲ್ಲ ಮುಚ್ಚಿದೆ, ಆದರೂ ಬಲ್ಬು ಮಂಕಾಗಿ ಉರಿಯಿತು. ಕಳ್ಳ ಒಳಗಿದ್ದಾನೆ ಎಂದಾಯಿತು.

ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬಂದಳು. ಕೈಗವಸು ಹಾಕಿದರೆ ಫ್ಯೂಸು ಸಿಗುವುದಿಲ್ಲ, ತೆಗೆದರೆ ಬೆರಳು ಮರಗಟ್ಟುತ್ತದೆ. ಒಂದು ಕಿತ್ತು, ಕೈಯನ್ನು ಕಂಕುಳಿಗೆ ಸೇರಿಸಿ ಕಾಯಿಸಿಕೊಂಡು, ಇನ್ನೊಂದು. ರೇಡಿಯೋದ್ದು ಕಿತ್ತಳು. ಸೀಟಿನ ಹೀಟರಿನದು ಕಿತ್ತಳು. ಬಲ್ಬು ಹಾಗೇ ಉರಿಯುತ್ತಿತ್ತು. ಕೊನೆಗೆ ಪೆಟ್ಟಿಗೆಯೇ ಬರಿದಾಯಿತು, ಬಲ್ಬು ಕದಲಲಿಲ್ಲ.

"ಒಳಗೆ ಬಾ, ಕೈ ಹೋಗ್ತದೆ ನಿಂದು" ಅಂದೆ.

"ಎರಡಿದಾವಲ್ಲ."

ಅಷ್ಟರಲ್ಲಿ ಹಿಲ್ಡಿಂಗ್ ಅಂಗಳದ ತುದಿಗೆ ಬಂದು ನಿಂತಿದ್ದ. ಅತ್ತಿಗೆ ತಿರುಗಿ ನೋಡದೆಯೇ ಕೇಳಿದಳು:

"ಈ ಪೆಟ್ಟಿಗೆಗೆ ಬರದೆ, ಬ್ಯಾಟರಿಯಿಂದ ನೇರ ಹೋಗೋ ವೈರು ಯಾವುದು ಹಿಲ್ಡಿಂಗ್?"

ಅವನು ನನ್ನ ಮುಖ ನೋಡಿದ. "ಇವಳೂ ಇದಾಳೆ" ಅಂದ.

"ಇರ್ಲಿ. ಹೇಳು."

"ಮುಂದೆ ಎರಡು ದೊಡ್ಡ ದೀಪ ಹಾಕಿದಾನಲ್ಲ ಎಡ್ವಿನ್, ಹಿಮಸಾರಂಗ ದೂರದಿಂದ್ಲೇ ಕಾಣ್ಲಿ ಅಂತ. ಅದಕ್ಕೆ ಕರೆಂಟು ಬಿಡೋ ರಿಲೇ ಡಬ್ಬೀನ ಬಾಯಿ ಮೇಲಾಗಿ ಕೂರ್ಸಿದಾನೆ. ನಿನ್ನೇನೇ ನೋಡ್ದೆ."

"ಕೇಬಲ್ ಹಿಡ್ಕೊಂಡು ಬಂದೆಯಲ್ಲ. ಆಗ ಬಾಯಿಗೇನಾಗಿತ್ತು?"

"ಅವನ ಕೆಲಸಕ್ಕೆ ನಾನು ಹೇಗೆ ತಪ್ಪು ಹೇಳ್ಲಿ, ಗುನ್‌ವೋರ್? ಅವನೇ ಇಲ್ವಲ್ಲ ಜಗಳ ಆಡೋಕೆ."

ನಮ್ಮೂರು ಹಾಗೆಯೇ. ತೀರಿಕೊಂಡವನು ಕಟ್ಟಿದ ದೋಣಿ ಸೋರಿದರೆ ನೀರು ಎತ್ತಿ ಹೊರಗೆ ಚೆಲ್ಲುತ್ತಾರೆ, ಸೋರುತ್ತದೆ ಎಂದು ಬಾಯಿ ಬಿಡುವುದಿಲ್ಲ. ಅದು ಮರ್ಯಾದೆ. ಅವನ ತಂಗಿ ನಾನು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿರುವಾಗ ಇನ್ನೂ ಕಷ್ಟ.

ಅತ್ತಿಗೆ ಆ ದೀಪದ ವೈರನ್ನು ಬ್ಯಾಟರಿಯಿಂದ ಎಳೆದಳು. ಬಲ್ಬು ಆರಿತು. ಡಬ್ಬಿ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಶರತ್ಕಾಲದಲ್ಲಿ ಮಂಜು ಕರಗಲೆಂದು ರಸ್ತೆಗೆ ಹಾಕಿದ ಉಪ್ಪಿನ ನೀರು ಬಾಯಿಯಿಂದ ಇಳಿದು ತಳದಲ್ಲಿ ಕೂತು, ಕರೆಂಟಿಗೆ ಹಗಲೂ ರಾತ್ರಿ ದಾರಿ ಮಾಡಿಕೊಟ್ಟಿತ್ತು.

"ದಡ್ಡ" ಅಂದಳು ಅತ್ತಿಗೆ, ಮೆಲ್ಲಗೆ, ಅಣ್ಣ ಅಡುಗೆಮನೆಯಲ್ಲೇ ಇದ್ದಾನೇನೋ ಅನ್ನುವ ಹಾಗೆ. ನನಗೆ ನಗು ಬಂತು. ಅಳುವೂ ಬಂತು, ಆದರೆ ಆ ಚಳಿಯಲ್ಲಿ ಅಳುವುದು ಬುದ್ಧಿವಂತಿಕೆಯಲ್ಲ.

ಹಿಲ್ಡಿಂಗ್ ತನ್ನ ಶೆಡ್ಡಿನಿಂದ ಒಂದು ರಿಲೇ ತಂದ, ಕೂರಿಸಲು ಬಗ್ಗಿದ. ಅತ್ತಿಗೆ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಳು. "ನಾನೇ ಹಾಕ್ತೀನಿ. ತಪ್ಪಾದ್ರೆ ಬಾಯ್ಬಿಟ್ಟು ಹೇಳು, ನಾನಿನ್ನೂ ಬದುಕಿದೀನಿ." ಬಾಯಿ ಕೆಳಗಾಗಿ ಕೂರಿಸಿದಳು. ಅಣ್ಣನ ದೀಪಗಳನ್ನು ತೆಗೆಯಲಿಲ್ಲ. ಆ ದಾರಿಯಲ್ಲಿ ಅವು ಬೇಕು.

ಸೋಮವಾರ ನಾನೂ ಕಾರಿನಲ್ಲಿ ಹೋದೆ, ಕರೆಯದಿದ್ದರೂ. ಒಂದೇ ತಿರುವಿಗೆ ಎದ್ದಿತು. ಮಕ್ಕಳೆಲ್ಲ ಹತ್ತಿದರು. ಸಿಗ್ನೆ ನನ್ನನ್ನು ನೋಡಿ, "ಈ ಅಜ್ಜಿ ಯಾವ ಕ್ಲಾಸು?" ಅಂದಳು.

ಶಾಲೆಯ ಮುಂದೆ ಮಕ್ಕಳು ಇಳಿದ ಮೇಲೆ ಅತ್ತಿಗೆ ಇಂಜಿನ್ ಆರಿಸಿದಳು. "ಯಾಕೆ ಆರ್ಸಿದೆ?" ಅಂದೆ. ಅವಳು ಮತ್ತೆ ಕೀಲಿ ತಿರುಗಿಸಿದಳು. ಎದ್ದಿತು. ಆಮೇಲೆ ಫೋನ್ ತೆಗೆದು ಪುರಸಭೆಗೆ ಹಚ್ಚಿದಳು.

"ನಾನು ಗುನ್‌ವೋರ್. ಮಕ್ಕಳು ಶಾಲೇಲಿದಾರೆ. ನಾಳೇನೂ ನಾನೇ ಬರೋದು."