ನಳಿಕೆಯ ಊಟಕ್ಕೆ ಸ್ತೋತ್ರ

ಕಳೆದ ಡಿಸೆಂಬರ್ ಮೊದಲ ವಾರದ ಒಂದು ಸೋಮವಾರ ಬೆಳಿಗ್ಗೆ, ಮದ್ದೂರಿನ ನಮ್ಮ ಮನೆಯಲ್ಲಿ, ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ನುಂಗಲು ಆಗುತ್ತಿರಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಮನೆಗೆ ಕಳುಹಿಸಿದರು. ನುಂಗುವ ಶಕ್ತಿ ಬಂದರೆ ತೆಗೆಯೋಣ, ಬರುತ್ತದೆಂದು ಹೇಳಲಾರೆ ಎಂದರು ವೈದ್ಯರು.

ನಾನು ಪತ್ರಿಕೆಯ ವರದಿಗಾರನಾಗಿದ್ದವನು. ನಮ್ಮದು ಕ್ರೈಸ್ತ ಕುಟುಂಬ. ಊಟಕ್ಕೆ ಮುಂಚೆ ದೇವರ ಉಪಕಾರಗಳನ್ನು ನೆನೆದು ‘ಸ್ತೋತ್ರ’ ಎಂದು ವಂದಿಸುವ ಪ್ರಾರ್ಥನೆ ಮಾತ್ರ ಯಾವಾಗಲೂ ಅವಳದು. ಅವಳು ಹೇಳುವಾಗ ನಾನು ಕಣ್ಣು ಮುಚ್ಚಿರುತ್ತಿದ್ದೆ, ಅಷ್ಟೇ.

ಮನೆಗೆ ಬಂದ ದಿನ ರಾಗಿ ಗಂಜಿ ಸೋಸಿ, ಸಿರಿಂಜಿಗೆ ತುಂಬಿ ತಂದೆ. ಅವಳು ಎಡಗೈಯಿಂದ ನಳಿಕೆಯನ್ನು ಹಿಸುಕಿ ಹಿಡಿದಳು. ನೋವೆಂದುಕೊಂಡೆ. ಬಿಡಿಸಿದರೆ ಮತ್ತೆ ಹಿಡಿದಳು, ಕಣ್ಣು ಮುಚ್ಚಿದಳು. ಪ್ರಾರ್ಥನೆಯಿಲ್ಲದೆ ಗಂಜಿ ಇಳಿಸಗೊಡಳು ಎಂದು ಆಗ ಅರ್ಥವಾಯಿತು.

ಹಾಲು ಕೊಡಲು ಬಂದಿದ್ದ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಅಲ್ಲಾ ಕಣಕ್ಕ, ಮೂಗ್ನಲ್ಲಿ ಉಯ್ಯೋ ಗಂಜಿಗೂ ನಿಮ್ ದೇವ್ರಿಗೆ ಲೆಕ್ಕ ಒಪ್ಪಿಸ್ಬೇಕಾ? ಬುಡಕ್ಕ, ಆರೋಯ್ತದೆ.”

ಹೆಂಡತಿಯ ಮುಖದ ಒಂದು ಬದಿ ನಕ್ಕಿತು. ಕೈ ಸಡಿಲವಾಗಲಿಲ್ಲ.

“ಪೇಪರಣ್ಣ, ನೀನೇ ಏನಾದ್ರೂ ಯೋಳು ಮತ್ತೆ,” ಎಂದಳು ಪಕ್ಕದ ಮನೆಯವಳು. “ಊರ್ ಸುದ್ದಿಯೆಲ್ಲಾ ಬರ್ದಿದ್ದೀಯ, ಎಲ್ಡ್ ಮಾತು ಬರಾಕಿಲ್ವಾ?”

ಬರಲಿಲ್ಲ. ಸ್ತೋತ್ರ ಎನ್ನುವ ಪದ ನನ್ನ ಬಾಯಲ್ಲಿ ಸುಳ್ಳಾಗುತ್ತಿತ್ತು. ಕೊನೆಗೆ ನಡೆದದ್ದನ್ನಷ್ಟೇ ಹೇಳಿದೆ. “ಕರ್ತನೇ, ಇವಳಿಗೆ ಇವತ್ತು ಜ್ವರ ಇಲ್ಲ. ಹಾಲು ಬಂದಿದೆ. ಸ್ತೋತ್ರ.”

ಅವಳು ಕೈ ಬಿಟ್ಟಳು.

ಆಮೇಲೆ ಪ್ರತಿ ಊಟಕ್ಕೂ ಹಾಗೆಯೇ ನಡೆಯಿತು. ನಿದ್ದೆ ಬಂತು, ಕರೆಂಟು ಹೋಗಲಿಲ್ಲ, ಬೆನ್ನಿನ ಹುಣ್ಣು ಒಣಗುತ್ತಿದೆ. ಆಗದ್ದನ್ನು ಒಮ್ಮೆಯೂ ಸೇರಿಸಲಿಲ್ಲ. ಗುಣವಾಗುತ್ತಾಳೆ ಎಂದು ಹೇಳಲಿಲ್ಲ.

ಫೆಬ್ರವರಿಯಲ್ಲಿ ಎದೆಗೆ ಕಫ ಕಟ್ಟಿತು. ಜ್ವರ ಏರಿತು, ಇಡೀ ದಿನ ಕೆಮ್ಮಿದಳು. ಸಂಜೆ ಗಂಜಿ ಹಿಡಿದು ನಿಂತಾಗ ಹೇಳಲು ಏನೂ ಸಿಗಲಿಲ್ಲ.

“ಇವತ್ತು ಏನೂ ಇಲ್ಲ ಕಣೇ,” ಎಂದೆ.

ಅವಳು ನನ್ನನ್ನೇ ನೋಡಿದಳು. ನಳಿಕೆ ಬಿಟ್ಟು, ಅದೇ ಕೈಯ ಬೆರಳನ್ನು ನನ್ನ ಎದೆಗೆ ಒತ್ತಿದಳು. ಮತ್ತೆ ನಳಿಕೆ ಹಿಡಿದು ಕಾದಳು.

ಆರಿದ ಗಂಜಿಯನ್ನು ಮತ್ತೆ ಬಿಸಿ ಮಾಡಿ ತಂದೆ. “ನಾನು ಇವಳ ಹತ್ತಿರ ಇದ್ದೇನೆ, ಸ್ತೋತ್ರ,” ಎಂದೆ. ಅವಳು ನಳಿಕೆ ಬಿಟ್ಟಳು.

ವಾರದೊಳಗೆ ಜ್ವರ ಇಳಿಯಿತು. ನಿನ್ನೆ ಮಂಡ್ಯದಲ್ಲಿ ವೈದ್ಯರು ಒಂದು ಚಮಚ ನೀರು ಕುಡಿಸಿ ನೋಡಿದರು. ಅರ್ಧ ನೀರು ಬಾಯಿಯ ಬದಿಯಿಂದ ಹೊರಗೆ ಸೋರಿಹೋಯಿತು, ಉಳಿದದ್ದಕ್ಕೆ ಕೆಮ್ಮು ಬಂತು. ಹೊಸ ನಳಿಕೆ ಹಾಕಿ ಕಳುಹಿಸಿದ್ದಾರೆ. ಮತ್ತೆ ಯಾವಾಗ ಪರೀಕ್ಷಿಸುತ್ತಾರೆಂದು ಹೇಳಿಲ್ಲ.