ಒಣ ಬಾಯಿಯ ಒಪ್ಪಿಗೆ

ಬಾಯಲ್ಲಿ ನೀರೂರಿತು ಎಂಬ ಮಾತನ್ನು ಜನ ಎಷ್ಟು ಸಲೀಸಾಗಿ ಬಳಸುತ್ತಾರೆಂದು ನನಗೆ ತಿಳಿದದ್ದು, ನನ್ನ ಬಾಯಲ್ಲಿ ಅದು ಊರುವುದನ್ನು ನಿಲ್ಲಿಸಿದ ಮೇಲೆ. ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ನಮ್ಮ ಜನರ ಮಾತಿನಲ್ಲಿ ಕರೆಂಟ್ ಕೊಡುವುದು, ಮುಗಿದು ಎಂಟು ವರ್ಷವಾಯಿತು. ಗಡ್ಡೆ ಹೋಯಿತು, ಹೋಗುವಾಗ ಜೊಲ್ಲನ್ನೂ ಜೊತೆಗೆ ಕರೆದೊಯ್ದಿತು. ದವಡೆಯೋ, ಎರಡು ಬೆರಳು ಹೋಗುವಷ್ಟು ತೆರೆದು ಮುಷ್ಕರ ಹೂಡುತ್ತದೆ. ಡಾಕ್ಟರು ಇದನ್ನು ದೀರ್ಘಕಾಲೀನ ಅಡ್ಡಪರಿಣಾಮ ಎನ್ನುತ್ತಾರೆ. ನಮ್ಮ ಅವಳಿ ನಗರದಲ್ಲಿ ಇಷ್ಟು ದೀರ್ಘಕಾಲ ಪರಿಣಾಮ ಉಳಿಸಿಕೊಂಡ ಬೇರಾವ ಯೋಜನೆಯನ್ನೂ ನಾನು ಕಂಡಿಲ್ಲ.

ಇಂಥ ಬಾಯಿ ಹೊತ್ತು ಧಾರವಾಡದಲ್ಲಿ ಬಾಳುವ ಕಷ್ಟ ನಿಮಗೆ ತಿಳಿಯಬೇಕಾದರೆ, ಜೊಲ್ಲಿಲ್ಲದೆ ಒಂದು ಪೇಢೆ ನುಂಗುವುದನ್ನು ಕಲ್ಪಿಸಿಕೊಳ್ಳಿ. ಇಲ್ಲಿ ಶುಭಸುದ್ದಿಗಿಂತ ಮೊದಲು ಪೇಢೆ ಬಾಯಿಗೆ ಬರುತ್ತದೆ. ಬೇಡ ಎಂದವನನ್ನು ಆ ಶುಭಕ್ಕೇ ವೈರಿಯೆಂದು ತಿಳಿಯುತ್ತಾರೆ.

ಮಗಳು ಸುಮಾಳ ಮದುವೆ ನಿಶ್ಚಯದಲ್ಲಿ ಆದದ್ದೂ ಇದೇ. ನಾನು ಗುಣವಾದಾಗ ಓಣಿಗೆಲ್ಲ ಪೇಢೆ ಹಂಚಿ ಸುದ್ದಿ ಸಾರಿದ್ದ ಕೆಲಗೇರಿಯ ನನ್ನ ಅಕ್ಕ, ಹುಬ್ಬಳ್ಳಿಯ ಗಂಡಿನವರ ಮುಂದೆ ಮಾತ್ರ ಆ ರೋಗದ ಹೆಸರೆತ್ತಕೂಡದೆಂದು ಅಪ್ಪಣೆ ಮಾಡಿದ್ದಳು. ಎತ್ತಿದರೆ ಸಂಬಂಧ ಮುರಿಯುತ್ತದೆಂದು ಅವಳ ಭಯ. ಹೇಳಿಬಿಡೋಣ ಎಂದ ಸುಮಾಳನ್ನು ನಾವು ಹಿರಿಯರೆಲ್ಲ ಸೇರಿ ಸುಮ್ಮನಾಗಿಸಿದೆವು. ಹೇಡಿತನಕ್ಕೆ ಹಿರಿತನವೆಂದು ಹೆಸರಿಡುವ ಅನುಕೂಲ ನಮಗುಂಟಷ್ಟೆ.

ಬೀಗರಾಗಲಿದ್ದ ಹಿರಿಯರು ಎಲ್ಲರೆದುರು ನನ್ನ ಒಪ್ಪಿಗೆ ಕೇಳುತ್ತಲೇ ಇಡೀ ಪೇಢೆಯನ್ನು ನನ್ನ ಹಲ್ಲುಗಳ ನಡುವೆ ತುರುಕಿದರು. ಅದು ಗಾರೆಯಂತೆ ಅಂಗುಳಕ್ಕೆ ಮೆತ್ತಿಕೊಂಡಿತು. ಮಾತು ಹೊರಡದು, ಪೇಢೆ ಒಳಗಿಳಿಯದು. ಮಗಳನ್ನು ಕಳಿಸುವ ಸಂಕಟವೆಂದು ಅಕ್ಕ ಸಮಜಾಯಿಷಿ ಕೊಟ್ಟಳು. ನಾನು ಇನ್ನೂ ಬಾಯಿ ಬಿಡದಿದ್ದಾಗ ಬೀಗರು ಮುಖ ಸಣ್ಣ ಮಾಡಿಕೊಂಡರು. ನನಗೆ ಈ ಸಂಬಂಧ ಬೇಡವೆಂದೇ ಅವರು ತಿಳಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸುಮಾ ಎದ್ದು, ನೀರಿನ ತಂಬಿಗೆ ತಂದು ನನ್ನ ಕೈಗಿಟ್ಟು, ಗಂಡಿನವರತ್ತ ತಿರುಗಿದಳು.

“ನಮ್ಮಪ್ಪಗ ಕ್ಯಾನ್ಸರ್ ಆಗಿತ್ರಿ. ಕರೆಂಟ್ ಕೊಡಿಸಿದ ಮ್ಯಾಲೆ ಬಾಯಾಗ ಜೊಲ್ಲು ಬರೂದಿಲ್ಲ. ಇದಕ್ಕ ನೀವು ಒಲ್ಲೆ ಅನ್ನೂದಿದ್ರ ಈಗ ಅಂದಬಿಡ್ರಿ.”

ಅಕ್ಕ ಕಣ್ಣು ಮುಚ್ಚಿಕೊಂಡಳು. ಬೀಗರು ಹೆಂಡತಿಯ ಮುಖ ನೋಡಿದರು. ಆಕೆ ಎದ್ದಾಗ ಎಲ್ಲರೂ ಹೊರಟೇಬಿಟ್ಟರೆಂದುಕೊಂಡೆ. ಆಕೆ ಬಂದು ನನ್ನ ಪಕ್ಕದಲ್ಲೇ ಕುಳಿತರು.

“ಸಾವಕಾಶ ನುಂಗ್ರಿ, ಅಣ್ಣಾರ. ನಾವೇನು ಎಲ್ಲಿಗೂ ಹೋಗೂದಿಲ್ಲ.”

ಗುಟುಕು ಗುಟುಕಾಗಿ ನೀರು ಕುಡಿದು ನಾನು ಒಪ್ಪಿಗೆ ಎನ್ನುವವರೆಗೆ ಹುಬ್ಬಳ್ಳಿಯವರಲ್ಲಿ ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ.